ಹಲ್ಲಿನ ಡಾಕ್ಟರ ಕಪ್ಪು ಕಾರು

ಕಪ್ಪು ಕಾರು ಕೊಂಡವರು ಸುಖವಾಗಿದ್ದಾರೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬಿಳಿ ಕಾರಿನವರು ಹಾಯಾಗಿ ನಿದ್ದೆ ಮಾಡುತ್ತಾರೆ. ಅದರ ಮೈಮೇಲೆ ಕೋಳಿ ಕೆರೆದರೂ ನಾಲ್ಕು ಹೆಜ್ಜೆ ಆಚೆಗೆ ಕಾಣುವುದಿಲ್ಲ. ಕಪ್ಪು ಕಾರು ಹಾಗಲ್ಲ. ಒಣಬಟ್ಟೆಯಲ್ಲಿ ಒಮ್ಮೆ ಧೂಳು ಒರೆಸಿದಿರೋ, ಚಾಡಿಕೋರ ನೆಂಟನ ಹಾಗೆ ಬಿಸಿಲಿಗೆ ಬಂದ ಕೂಡಲೇ ಊರಿಗೆಲ್ಲ ಹೇಳಿಬಿಡುತ್ತದೆ. ಸೂರ್ಯನ ಬಿಂಬ ಬಿದ್ದ ಕಡೆ ಅದರ ಸುತ್ತ ಜೇಡರ ಬಲೆಯಂಥ ಸಣ್ಣ ಸಣ್ಣ ಗೆರೆಗಳು. ಅವಕ್ಕೆ ಪಾಲಿಶಣ್ಣ ಸುತ್ತುಗೀರು ಎನ್ನುತ್ತಿದ್ದ. ಅವನ್ನು ತೆಗೆಯುವುದೇ ಅವನ ಹೊಟ್ಟೆಪಾಡು.

ಇಳಿಜಾರು ರಸ್ತೆಯ ಕೊನೆಯಲ್ಲಿ ಅವನ ಶೆಡ್ಡು. ಮುಂದೆ ಒಂದು ಕಾರು ನಿಲ್ಲುವಷ್ಟು ಜಾಗ, ಹಿಂದೆ ಎರಡು ಕೋಣೆಯ ಮನೆ. ಆ ಮನೆಯಲ್ಲಿ ಅವನೂ ಅವನ ತಂಗಿಯೂ ಜೀವಮಾನವಿಡೀ ಜಗಳವಾಡಿಕೊಂಡು ಬಾಳಿದವರು. ತಂಗಿಯನ್ನು ದಡ ಸೇರಿಸದೆ ತಾನು ಮದುವೆಯಾಗುವುದು ಹೇಗೆ ಎಂಬ ಚಿಂತೆ ಇವನಿಗೆ. ಅಣ್ಣನಿಗೆ ಬೇಯಿಸಿ ಹಾಕುವವರು ಯಾರು ಎಂಬ ಚಿಂತೆ ಅವಳಿಗೆ. ಹೀಗೆ ಒಬ್ಬರಿಗೊಬ್ಬರು ಉಪಕಾರ ಮಾಡುತ್ತ ಮಾಡುತ್ತ ಇಬ್ಬರ ತಲೆಯೂ ನರೆಯಿತು. ಆಮೇಲೆ, ಐವತ್ತು ದಾಟಿದ ಮೇಲೆ, ಹೆಂಡತಿ ತೀರಿಹೋಗಿದ್ದ ಒಬ್ಬ ಬಸ್ ಡ್ರೈವರನನ್ನು ತಂಗಿ ಮೆಚ್ಚಿಕೊಂಡಳು.

"ಈ ವಯಸ್ಸಿಗೆ ಏನೇ ಇದು?" ಎಂದ ಪಾಲಿಶಣ್ಣ.

"ಈ ವಯಸ್ಸಿಗಲ್ದೆ ಇನ್ಯಾವ ವಯಸ್ಸಿಗೆ? ನಿನ್ನ ನೋಡ್ಕೊಂಡು ಕೂತ್ರೆ ನನ್ ಹಲ್ಲೆಲ್ಲ ಉದುರ್ತವೆ."

ಅವನು ನಕ್ಕು, ತಾನೇ ನಿಂತು ಮದುವೆ ಮಾಡಿಸಿ ಕಳಿಸಿಕೊಟ್ಟ. ಕಳಿಸಿದ ಮೇಲೆ ತಿಳಿಯಿತು, ಜಗಳಕ್ಕೆ ಜನ ಇಲ್ಲದ ಮನೆ ಎಂಥ ಮನೆ ಅಂತ. ಸಾರಿಗೆ ಉಪ್ಪು ಜಾಸ್ತಿಯಾದರೆ ಬೈಯಲು ಯಾರೂ ಇಲ್ಲ. ಹಾಕಿದವನೂ ತಾನೇ, ಉಣ್ಣುವವನೂ ತಾನೇ. ಗಿರಾಕಿಗಳು ಬರುತ್ತಿದ್ದರು ನಿಜ. ಆದರೆ ಅವರೆಲ್ಲ ಬೀಗದ ಕೈ ಕೊಟ್ಟು, "ಸಂಜೆಗೆ ಆಗುತ್ತಾ?" ಎಂದು ಕೇಳಿ ಹೊರಟುಹೋಗುವವರು. ಕೂತು ನಾಲ್ಕು ಮಾತಾಡುವ ಗಿರಾಕಿ ಒಬ್ಬರೇ, ಹಲ್ಲಿನ ಡಾಕ್ಟರು.

ಅಬ್ಬಾ, ಆ ಮನುಷ್ಯನ ಮಾತೋ! ದಿನವಿಡೀ ಬಾಯಿ ತೆರೆದುಕೊಂಡು ಮಲಗಿದವರ ಜೊತೆ ಮಾತಾಡಿ ಅವರಿಗೆ ಸಾಕಾಗಿ ಹೋಗಿತ್ತು. "ನೋಡಿ ಪಾಲಿಶಣ್ಣ, ನಾನು ಏನ್ ಕೇಳಿದ್ರೂ ನನ್ ಪೇಷಂಟ್‌ಗಳು 'ಆಆ' ಅಂತಾರೆ ಅಷ್ಟೆ. ಉತ್ತರ ಕೊಡೋರು ನೀವೊಬ್ರೇ." ರಜೆಯ ದಿನ ಬೆಳಗ್ಗೆ ಕಾರು ತಂದು ನಿಲ್ಲಿಸಿ, ಮಗುಚಿದ ಬಕೆಟ್ಟಿನ ಮೇಲೆ ಕೂತರೆ ಮಧ್ಯಾಹ್ನದವರೆಗೆ ಏಳುತ್ತಿರಲಿಲ್ಲ. ಹೆಂಡತಿಯ ಸಿಟ್ಟು, ಮಗಳ ಪರೀಕ್ಷೆ, ಹಲ್ಲುಸೆಟ್ಟನ್ನು ಬೇರೆಯವರ ಮನೆಯಲ್ಲಿ ಮರೆತು ಬಂದ ಮುದುಕ, ಒಂದೇ ಎರಡೇ! ಪಾಲಿಶ್ ಮಷಿನ್ ಗುಂಯ್‌ಗುಟ್ಟುತ್ತಿದ್ದರೆ ಅವರ ದನಿ ಅದಕ್ಕಿಂತ ಒಂದು ಮೆಟ್ಟಿಲು ಮೇಲೆ. ಪಾಲಿಶಣ್ಣ ಅದರ ತಿರುಗುವ ಪ್ಯಾಡ್ ಒತ್ತುತ್ತ, ಒರೆಸುತ್ತ, ನಡುನಡುವೆ ಒಂದೊಂದು ಚಟಾಕಿ ಹಾರಿಸುತ್ತ ಇರುತ್ತಿದ್ದ. ಅವತ್ತಿನ ರಾತ್ರಿ ಊಟ ಅವನಿಗೆ ರುಚಿಸುತ್ತಿತ್ತು.

ಈಗ ಕೆಲಸದ ಗುಟ್ಟು ಒಂದಿಷ್ಟು ಹೇಳಲೇಬೇಕು. ಕಾರಿನ ಬಣ್ಣದ ಮೇಲೆ ಗಾಜಿನಂಥ ತೆಳು ಪದರ ಒಂದಿರುತ್ತದೆ. ಸುತ್ತುಗೀರು ಬೀಳುವುದು ಅದರ ಮೇಲೆ. ಗೀರನ್ನು ಚಿವುಟಿ ತೆಗೆಯಲು ಬರುವುದಿಲ್ಲ. ಅದರ ಅಕ್ಕಪಕ್ಕದ ಪದರವನ್ನೇ ಸವೆಸಿ ಗೀರಿನ ಆಳಕ್ಕೆ ಇಳಿಸಬೇಕು. ಅಂದರೆ ಪ್ರತಿ ಸಲ ಹೊಳಪು ಬಂದಾಗಲೂ ಕಾರಿನ ಚರ್ಮ ಒಂದು ಕೂದಲಿನಷ್ಟಾದರೂ ಹೋಗಿರುತ್ತದೆ. ಹೋದದ್ದು ಮತ್ತೆ ಬರುವುದಿಲ್ಲ. ಮಿತಿ ಮೀರಿ ಸವೆಸಿದರೆ ಒಂದು ದಿನ ಪ್ಯಾಡಿನ ಕೆಳಗೆ ಬಣ್ಣವೇ ಸುಟ್ಟು, ತಳದ ಬಿಳಿ ಇಣುಕುತ್ತದೆ. ಆಮೇಲೆ ಏನಿದ್ದರೂ ಹೊಸ ಬಣ್ಣವೇ.

ಡಾಕ್ಟರಿಗೋ ಕೈ ಸುಮ್ಮನಿರದು. ಎಲ್ಲಿ ಧೂಳು ಕಂಡರೂ ಜೇಬಿನ ಕರ್ಚೀಫಿನಿಂದಲೇ ಒರೆಸುತ್ತಿದ್ದರು. ಮೊದಮೊದಲು ಪಾಲಿಶಣ್ಣ ಬೈಯುತ್ತಿದ್ದ. "ಡಾಕ್ಟ್ರೇ, ಇರಲಾರದೆ ಇರುವೆ ಬಿಟ್ಕೊಂಡ ಹಾಗಾಯ್ತು ನಿಮ್ ಕಥೆ. ಒಣಬಟ್ಟೆ ಹಾಕ್ಬೇಡಿ. ಮೊದ್ಲು ನೀರು ಸುರೀರಿ, ಆಮೇಲೆ ಮೆತ್ತನೆ ಬಟ್ಟೆ." ಅವರು ಹೂಂ ಎನ್ನುತ್ತಿದ್ದರು, ಬಾಗಿಲಲ್ಲೇ ಮತ್ತೆ ಕರ್ಚೀಫು ತೆಗೆಯುತ್ತಿದ್ದರು.

ತಂಗಿ ಹೋದ ಮೇಲೆ ಅವನು ಬೈಯುವುದನ್ನು ಬಿಟ್ಟ.

ಬಿಟ್ಟದ್ದು ಬೇಕೆಂದೇ. ಗೀರು ಬೀಳದಿದ್ದರೆ ಡಾಕ್ಟರು ಯಾಕೆ ಬಂದಾರು? ಅಷ್ಟರಲ್ಲಿ ಇನ್ನೊಂದು ಸಂಕಟ ಬಂತು. ಒಂದು ದಿನ ಪದರದ ದಪ್ಪ ಅಳೆಯುವ ಪುಟ್ಟ ಮೀಟರನ್ನು ಬಾನೆಟ್ಟಿನ ಮೇಲೆ ಇಟ್ಟು ನೋಡಿದ; ಪದರ ಇದ್ದೂ ಇಲ್ಲದಷ್ಟು ತೆಳ್ಳಗಾಗಿತ್ತು. ಇನ್ನೊಂದು ಸಲ ಮಷಿನ್ ಒತ್ತಿದರೆ ಮುಗಿಯಿತು. ಯೋಗ್ಯ ಕೆಲಸಗಾರನಾದವನು ಅವತ್ತೇ ಹೇಳಬೇಕಿತ್ತು: ಡಾಕ್ಟ್ರೇ, ಇನ್ನು ಇದನ್ನ ಮುಟ್ಟೋ ಹಾಗಿಲ್ಲ, ಇರೋ ಗೀರುಗಳ ಜೊತೆ ಬಾಳ್ವೆ ಮಾಡಿ. ನಾಲಿಗೆಯ ತುದಿಗೆ ಬಂದ ಮಾತನ್ನು ಅವನು ನುಂಗಿದ. ಬಕೆಟ್ಟಿನ ಮೇಲೆ ಕೂತು ಡಾಕ್ಟರು ಮಗಳ ಪರೀಕ್ಷೆಯ ಕಥೆ ಹೇಳುತ್ತಿದ್ದರು. ಅದನ್ನು ಅರ್ಧಕ್ಕೆ ನಿಲ್ಲಿಸಲು ಅವನಿಂದಾಗಲಿಲ್ಲ.

ಅವತ್ತಿನಿಂದ ಅವನು ಮಷಿನ್ ಓಡಿಸಿದ ಹಾಗೆ ಮಾಡಿ, ಒತ್ತದೆ, ಬರೀ ಗ್ಲೇಜ್ ಹಚ್ಚತೊಡಗಿದ. ಅದೊಂದು ಎಣ್ಣೆಯಂಥ ಮುಲಾಮು. ಗೀರಿನೊಳಗೆ ಕೂತು ಗೀರನ್ನು ಮುಚ್ಚುತ್ತದೆ. ಮೂರು ನಾಲ್ಕು ಸಲ ತೊಳೆದರೆ ಹೋಗಿಬಿಡುತ್ತದೆ. ಕಾರಿಗೆ ಅದರಿಂದ ಕೆಡುಕಿಲ್ಲ. ಹೊಳಪು ಬೇಗ ಹೋಗುತ್ತದೆ, ಡಾಕ್ಟರು ಬೇಗ ಬರುತ್ತಾರೆ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆದರೂ ಅವರು ಹೋಗುವಾಗ "ಏನ್ ಕೈಯಪ್ಪಾ ನಿಮ್ಮದು!" ಎಂದು ಹೊಗಳಿದರೆ ತಲೆ ತಗ್ಗಿಸುತ್ತಿದ್ದ.

ಒಂದಿಷ್ಟು ಕಾಲ ನಡೆಯಿತು. ಆಮೇಲೆ ಡಾಕ್ಟರು ಬರುವುದು ನಿಂತಿತು. ರಜೆಯ ದಿನಗಳು ಒಂದರ ಹಿಂದೆ ಒಂದು ಖಾಲಿ ಹೋದವು. ಮೈ ಸರಿಯಿಲ್ಲವೋ, ಊರಲ್ಲಿಲ್ಲವೋ? ಪಾಲಿಶಣ್ಣ ರಸ್ತೆಯ ಕಡೆ ಮುಖ ಮಾಡಿಯೇ ಕೆಲಸ ಮಾಡುತ್ತಿದ್ದ. ಕಪ್ಪು ಕಾರು ಯಾವುದು ಇಳಿದು ಬಂದರೂ ಬಟ್ಟೆ ಕೆಳಗಿಡುತ್ತಿದ್ದ. ಕೊನೆಗೆ ವಿಷಯ ಹೇಳಿದ್ದು ಎದುರಿನ ಪಂಕ್ಚರ್ ಅಂಗಡಿಯವನು.

"ನಿಮ್ಮ ಹಲ್ಲು ಡಾಕ್ಟ್ರು ಮೇಲ್ಗಡೆ ಗಾಜಿನ ಬಾಗಿಲ ಅಂಗಡಿ ಒಳಗೆ ಕಾರು ನಿಲ್ಸಿದ್ರಲ್ಲ! ಈಗ ನೋಡ್ಕೊಂಡೇ ಬಂದೆ. ಯಾಕಣ್ಣ, ಜಗಳ ಆಯ್ತಾ?"

"ಜಗಳ ಯಾಕಾಗುತ್ತೆ? ಏನ್ ಮಾಡಿಸ್ತಿದಾರೆ?"

"ಫುಲ್ ಬಫಿಂಗ್ ಅಂತೆ. ನಿಮ್ ಪಾಲಿಶ್ ಈಚೀಚೆಗೆ ನಿಲ್ತಾ ಇಲ್ಲ ಅಂತಿದ್ರು. ಪಾಪ, ವಯಸ್ಸಾಯ್ತು, ಮುಖಕ್ಕೆ ಹೊಡೆದ ಹಾಗೆ ಹೇಳೋಕೆ ಮನಸ್ಸು ಬರಲ್ಲ ಅಂದ್ರು."

ಮೊದಲು ಚುಚ್ಚಿದ್ದು 'ಪಾಪ' ಎಂಬ ಮಾತು. ಮರುಗಳಿಗೆಯಲ್ಲಿ ಬಫಿಂಗ್ ಎಂದದ್ದು ತಲೆಗೆ ಹೋಯಿತು. ಆ ಬಾನೆಟ್ಟಿನ ಮೇಲೆ ಮಷಿನ್ನೇ? ಪಾಲಿಶಣ್ಣ ಕೈ ಕೂಡ ತೊಳೆಯದೆ ಎದ್ದ. ಸುಮ್ಮನಿದ್ದುಬಿಡಬಹುದಿತ್ತು ನೋಡಿ. ಬಣ್ಣ ಸುಟ್ಟರೆ ಹೆಸರು ಕೆಡುವುದು ಆ ಅಂಗಡಿಯದು; ಡಾಕ್ಟರು ಬೈದುಕೊಂಡು ಮತ್ತೆ ಇಳಿಜಾರಿಗೆ ಬರುತ್ತಿದ್ದರು. ಈ ಯೋಚನೆ ಅವನಿಗೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಬಂತು. ಅರ್ಧ ಏರು ಹತ್ತುವವರೆಗೂ ಬೆನ್ನಿಗೇ ಬಂತು. ಆದರೂ ಅವನು ಏದುಸಿರು ಬಿಡುತ್ತ ಓಡಿದ; ಆ ಕಾರನ್ನು ಅಷ್ಟು ಸಲ ಸವರಿದ ಕೈ ಸುಮ್ಮನಿರಗೊಡಲಿಲ್ಲ.

ಗಾಜಿನ ಬಾಗಿಲ ಒಳಗೆ ಸಾಲು ದೀಪಗಳ ಕೆಳಗೆ ಕಾರು ನಿಂತಿತ್ತು. ಕೆಲಸಗಾರನೊಬ್ಬ ಬಾನೆಟ್ಟಿನ ಅಂಚಿಗೆ ಟೇಪು ಅಂಟಿಸಿ ಮಷಿನ್ ಎತ್ತಿಕೊಂಡಿದ್ದ. ಪಕ್ಕದಲ್ಲಿ ಮೆತ್ತೆ ಹಾಕಿದ ಕುರ್ಚಿಯಲ್ಲಿ ಕೂತು ಡಾಕ್ಟರು ಅವನಿಗೆ ಯಾವುದೋ ಪೇಷಂಟಿನ ಕಥೆ ಹೇಳುತ್ತಿದ್ದರು, ಅದೇ ದನಿ, ಅದೇ ಕೈಸನ್ನೆ.

"ಒತ್ಬೇಡಪ್ಪಾ! ಮೊದ್ಲು ಮೀಟರ್ ಇಟ್ಟು ನೋಡು!" ಎಂದು ಕೂಗಿದ ಪಾಲಿಶಣ್ಣ.

ಕೆಲಸಗಾರ ಒಳ್ಳೆಯವನು. ತಕರಾರು ತೆಗೆಯದೆ ಮೀಟರ್ ತಂದು ಇಟ್ಟ, ಇನ್ನೊಂದು ಕಡೆ ಇಟ್ಟ, ಮಷಿನ್ ಕೆಳಗಿಟ್ಟ. "ಸರ್, ಇವರು ಹೇಳೋದು ಸರಿ. ಪೂರ್ತಿ ತೆಳ್ಳಗಾಗಿದೆ. ಹಚ್ಚಿದ್ರೆ ಸುಟ್ಟೋಗ್ತಿತ್ತು."

ಡಾಕ್ಟರು ಎದ್ದು ನಿಂತರು. ಸಂಕೋಚದಿಂದ ಮುಖ ಕೆಂಪಾಗಿತ್ತು. ಕದ್ದು ಬಂದು ಸಿಕ್ಕಿಬಿದ್ದವರು ತಾವೇ ಎಂಬ ಹಾಗೆ. "ಅಲ್ಲ ಪಾಲಿಶಣ್ಣ, ಬೇಜಾರ್ ಮಾಡ್ಕೋಬೇಡಿ, ನಾನು ಸುಮ್ನೆ ಒಂದ್ಸಲ... ಅದಿರ್ಲಿ, ತೆಳ್ಳಗಾಗಿದೆ ಅಂತ ನಿಮಗೆ ಯಾವಾಗ ಗೊತ್ತಾಯ್ತು?"

"ಗೊತ್ತಾಗಿ ಬಹಳ ದಿನ ಆಯ್ತು. ಅದಕ್ಕೇ ಬರೀ ಮೇಲೆ ಮುಲಾಮು ಹಚ್ತಿದ್ದೆ. ಅದು ನಿಲ್ಲಲ್ಲ ಅಂತಾನೂ ಗೊತ್ತಿತ್ತು."

"ಮತ್ತೆ ಹೇಳ್ಬಾರ್ದಾಗಿತ್ತಾ? ನಾನು ಸುಮ್ಮನೆ ನಿಮ್ಮ ಕೈಗೆ ಏನೋ ಆಗಿದೆ ಅಂದ್ಕೊಂಡೆ."

ಪಾಲಿಶಣ್ಣ ಒಂದು ಸುಳ್ಳು ಹುಡುಕಿದ, ಸಿಗಲಿಲ್ಲ. "ಹೇಳಿದ್ರೆ ನೀವು ಬರ್ತಿರ್ಲಿಲ್ಲ ಡಾಕ್ಟ್ರೇ. ಮನೇಲಿ ಮಾತಾಡೋಕೆ ಯಾರೂ ಇಲ್ಲ."

ಕೆಲಸಗಾರ ಟೇಪು ಕೀಳುವ ನೆವದಲ್ಲಿ ಆಚೆ ತಿರುಗಿದ. ಡಾಕ್ಟರು ಕಾರಿನ ಬೀಗದ ಕೈ ತೆಗೆದುಕೊಂಡು, "ಬನ್ನಿ, ಮನೆಗೆ ಬಿಡ್ತೀನಿ" ಎಂದರು. ಅಷ್ಟು ವರ್ಷ ಆ ಕಾರಿನ ಹೊರಮೈಯನ್ನು ಅಂಗೈಯಷ್ಟು ಬಲ್ಲವನು ಅದರೊಳಗೆ ಕೂತದ್ದು ಅದೇ ಮೊದಲು. ಪಾಲಿಶ್ ಮೆತ್ತಿದ ಕೈ ಸೀಟಿಗೆ ತಾಗದ ಹಾಗೆ ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಇನ್ನು ಇದಕ್ಕೆ ಏನೂ ಮಾಡಿಸ್ಬೇಕಾಗಿಲ್ವಾ?" ಎಂದು ಕೇಳಿದರು, ಶೆಡ್ಡಿನ ಮುಂದೆ ನಿಲ್ಲಿಸಿ.

"ಏನೂ ಬೇಡ. ನೀರು ಸುರಿದು ಮೆತ್ತನೆ ಬಟ್ಟೇಲಿ ತೊಳೀರಿ. ಕರ್ಚೀಫ್ ಮುಟ್ಟಿಸ್ಬೇಡಿ. ನಿಮಗೆ ಸಾಕು ಅನ್ನಿಸೋವರೆಗೂ ಬಾಳುತ್ತೆ." ಇಳಿದು, ಬಾಗಿಲು ಹಿಡಿದುಕೊಂಡೇ ಕೇಳಿಕೊಂಡ, "ಸುಮ್ನೆ ಬರ್ತಾ ಇರಿ ಡಾಕ್ಟ್ರೇ. ಕಾರಿಲ್ದಿದ್ರೂ ಪರವಾಗಿಲ್ಲ."

"ಅಯ್ಯೋ, ಬರ್ದೆ ಏನು! ಖಂಡಿತ ಬರ್ತೀನಿ."

ಕೊಟ್ಟ ಮಾತಿಗೆ ತಪ್ಪುವ ಮನುಷ್ಯರಲ್ಲ ಅವರು. ಮುಂದಿನ ರಜೆಯ ದಿನ ನಡೆದುಕೊಂಡೇ ಬಂದರು, ಕೈಯಲ್ಲಿ ಒಂದು ಬಿಸ್ಕತ್ ಪೊಟ್ಟಣ. ಪಾಲಿಶಣ್ಣ ಬೆಳಗ್ಗೆಯೇ ಶೆಡ್ಡು ಗುಡಿಸಿ, ಬಕೆಟ್ಟಿನ ಬದಲು ಮನೆಯೊಳಗಿನ ಕುರ್ಚಿ ಹಾಕಿಟ್ಟಿದ್ದ. ಅವರು ಕುರ್ಚಿಯ ತುದಿಯಲ್ಲಿ ಕೂತರು. ಇವನು ಎದುರಿಗೆ ಕೂತ. ಟೀ ಕುಡಿದರು. ಕಾರು ನಿಲ್ಲುತ್ತಿದ್ದ ಜಾಗ ಇಬ್ಬರ ನಡುವೆ ಬೋಳಾಗಿತ್ತು.

"ಮಗಳು ಚೆನ್ನಾಗಿದಾಳಾ?"

"ಹೂಂ, ಚೆನ್ನಾಗಿದಾಳೆ."

ಹಿಂದೆ ಇದೇ ಪ್ರಶ್ನೆಗೆ ಒಂದು ಗಂಟೆಯ ಉತ್ತರ ಬರುತ್ತಿತ್ತು. ಮಷಿನ್ ಓಡುತ್ತಿದ್ದಾಗ ಯಾರೂ ಯಾರ ಮುಖವನ್ನೂ ನೋಡಬೇಕಿರಲಿಲ್ಲ. ಈಗ ನೋಡದೆ ವಿಧಿಯಿಲ್ಲ. ಪಾಲಿಶಣ್ಣನಿಗೆ ತನ್ನ ಕೈಗಳನ್ನು ಎಲ್ಲಿ ಇಟ್ಟುಕೊಳ್ಳಬೇಕೆಂದು ತಿಳಿಯಲಿಲ್ಲ. ಡಾಕ್ಟರು ಸುತ್ತ ನೋಡಿ, "ಒಳ್ಳೆ ಗಾಳಿ ಬರುತ್ತೆ ಇಲ್ಲಿ" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ಊಟ ಗೀಟ ಎಲ್ಲ ಸರಿಯಾಗಿ ಮಾಡ್ತೀರಾ?" ಎಂದು ಕೇಳಿದರು. ಕಾಯಿಲೆಯವರನ್ನು ನೋಡಲು ಬಂದವರು ಕೇಳುವ ದನಿಯಲ್ಲೇ ಕೇಳಿದರು. ಪಾಲಿಶಣ್ಣನಿಗೆ ಅರ್ಥವಾಯಿತು. ಈ ಒಳ್ಳೆಯ ಮನುಷ್ಯ ಇನ್ನು ಪ್ರತಿ ರಜೆಗೂ ಬಿಸ್ಕತ್ ಹಿಡಿದು ಬರುತ್ತಾರೆ, ಹೀಗೇ ತುದಿಯಲ್ಲಿ ಕೂತಿರುತ್ತಾರೆ, ಎದ್ದು ಹೋಗುವ ಹೊತ್ತಿಗಾಗಿ ಕಾಯುತ್ತಾರೆ.

"ಡಾಕ್ಟ್ರೇ, ಒಂದ್ ಮಾತು. ಇನ್ಮೇಲೆ ರಜೆ ದಿನ ನನಗೆ ಪುರುಸೊತ್ತಾಗಲ್ಲ. ಕೆಲಸ ತಲೆ ಮೇಲೆ ಬಂದು ಬಿದ್ದಿದೆ. ಈಗ್ಲೂ ಹಿತ್ಲಲ್ಲಿ ಒಂದ್ ಗಾಡಿ ನಿಂತಿದೆ, ಸಂಜೆಗೆ ಕೊಡ್ಬೇಕು. ನೀವು ನಡ್ಕೊಂಡು ಬಂದು ನಾನ್ ಇಲ್ದೇ ಇದ್ರೆ ಚೆನ್ನಾಗಿರಲ್ಲ."

ಓರೆ ಬೆಳಕಿನಲ್ಲಿ ಕೂದಲೆಳೆಯಂಥ ಗೀರು ಹುಡುಕಿ ಬದುಕಿದ ಕಣ್ಣು ಅವನದು. ಡಾಕ್ಟರ ಮುಖದಲ್ಲಿ ನಿರಾಳಭಾವವೊಂದು ಹಾದುಹೋದದ್ದು ಆ ಕಣ್ಣಿಗೆ ತಪ್ಪಲಿಲ್ಲ. ತಪ್ಪಿದ್ದರೆ ಚೆನ್ನಾಗಿತ್ತು.

"ಹೌದಾ! ಕೆಲಸ ಇದ್ರೆ ಒಳ್ಳೇದೇ ಅಲ್ವಾ? ಮಾಡಿ ಮಾಡಿ, ತೊಂದ್ರೆ ಕೊಡಲ್ಲ" ಎನ್ನುತ್ತ ಅವರು ಎದ್ದೇಬಿಟ್ಟರು. ಕೈ ಬೀಸಿ ಏರು ರಸ್ತೆ ಹಿಡಿದರು.

ಹಿತ್ತಿಲಲ್ಲಿ ಕಾರಿರಲಿಲ್ಲ. ಪ್ಯಾಡ್ ಪರೀಕ್ಷಿಸಲು ಇಟ್ಟುಕೊಂಡಿದ್ದ, ಯಾವ ಕಾರಿನದೋ ಏನೋ, ಒಂದು ಹಳೆಯ ಬಾಗಿಲು ಗೋಡೆಗೆ ಒರಗಿತ್ತು. ಪಾಲಿಶಣ್ಣ ಓಡಿಹೋಗಿ ಮಷಿನ್ ಹಚ್ಚಿ, ಅದನ್ನು ಆ ಬಾಗಿಲಿಗೆ ಒತ್ತಿ ಹಿಡಿದ. ಸದ್ದು ರಸ್ತೆಯವರೆಗೂ ಕೇಳಬೇಕಿತ್ತು. ಡಾಕ್ಟರು ತಿರುವು ದಾಟಿರಬಹುದು ಎನ್ನಿಸುವವರೆಗೂ ಅವನು ಕೈ ತೆಗೆಯಲಿಲ್ಲ.