ಆನೆಗೆ ಸೀಟಿಲ್ಲ

ಮೂಟೆ, ಆಲೂಗಡ್ಡೆ ಮೂಟೆ, ಸರಿಯಾಗಿ ಬಾಗಿಲಿಗೇ ಅಡ್ಡ, ಅದರ ಬೆನ್ನು ಸವರುತ್ತ ನಿಂತಿರುವ ಯಜಮಾನ — ಯಾರ್ದಪ್ಪ ಇದು ಮೂಟೆ, ನಂದೇ ಕಣವ್ವ, ಒಳೀಕೆ ತಳ್ಳಿ ಮತ್ತೆ, ತಳ್ಳುದ್ರೆ ಓಗಕಿಲ್ಲ ಕಣವ್ವ ಅದು — ಹೋಗುವುದಿಲ್ಲವಂತೆ, ತಾನೂ ಹೋಗುವುದಿಲ್ಲ, ಹಿಂದಿನವರನ್ನೂ ಬಿಡುವುದಿಲ್ಲ, ಅರಕಲಗೂಡು ಸ್ಟ್ಯಾಂಡಿನಲ್ಲಿ ಅರ್ಧ ಊರು ಕೆಳಗೆ ನಿಂತು ಬೈಯುತ್ತಿದೆ, ಒಳಗೆ ನೋಡಿದರೆ ಹಿಂದಿನ ಸೀಟುಗಳೆಲ್ಲ ಖಾಲಿ, ಕಂಡಕ್ಟರ್ ರಂಜಿತಾಳ ಕಣ್ಣೆದುರು ಆ ಮೂಟೆಗೆ ಮೆಲ್ಲಗೆ ಎರಡು ಕಿವಿ ಬಂತು, ಸೊಂಡಿಲು ಬಂತು. ಅವಳ ಆನೆ. ಹೋದ ಸಲ ಹಾಸನದ ಗೊಂಬೆಯುದ್ಧದ ಟೂರ್ನಮೆಂಟಿನಲ್ಲಿ ರಟ್ಟಿನ ಸೇತುವೆಯ ಮೇಲೆ ಹೀಗೇ ಅಡ್ಡ ನಿಂತಿತ್ತು, ಅದರ ಹಿಂದೆ ಅವಳವೇ ಕುದುರೆಗಳು, ಕುದುರೆಗಳ ಹಿಂದೆ ಈಟಿಯವರು, ಎಲ್ಲ ಹೆಬ್ಬೆರಳೆತ್ತರದ ಬಣ್ಣದ ಗೊಂಬೆಗಳು, ಒಬ್ಬರಿಗೂ ಮುಂದಕ್ಕೆ ದಾರಿಯಿಲ್ಲ, ಆಚೆ ದಡದಲ್ಲಿ ಅವಳ ಗಂಡ ಮೋಹನ್‌ಕುಮಾರ್ ದಾಳ ಉರುಳಿಸುತ್ತ ಅವಳ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಎತ್ತಿ ಡಬ್ಬಕ್ಕೆ ಹಾಕುತ್ತ, ಪಾಪ ಕಣೇ ಅನ್ನುತ್ತ — ಆ ಪಾಪ ಕಣೇ ಅನ್ನುವುದೇ ಅವಳಿಗೆ ಮೈ ಉರಿ, ಸೋತದ್ದಕ್ಕಿಂತ ಹೆಚ್ಚು. ಲಗೇಜ್ ಟಿಕೆಟ್ ತಗೊಳಿ ಯಜಮಾನ್ರೇ, ಮೂಟೆ ಹಿಂದಿನ ಸೀಟಿನ ಕೆಳಗೆ, ಏ ಇಬ್ಬರು ಕೈ ಹಾಕ್ರಪ್ಪ, ಹಾಂ, ರೈಟ್, ರೈಟ್.

ಟಿಕೆಟ್, ಯಾರ್ರೀ ಟಿಕೆಟ್, ಆಧಾರ್ ತೋರ್ಸಮ್ಮ — ಬೆರಳು ಮಿಷನ್ನಿನ ಮೇಲೆ ಓಡುತ್ತದೆ, ತಲೆ ಮಾತ್ರ ಬರುವ ಭಾನುವಾರದ ಟೂರ್ನಮೆಂಟಿನಲ್ಲಿದೆ, ಬೇಕರಿಯ ಮೇಲಿನ ಆ ಹಾಲ್‌ನಲ್ಲಿ, ಪಫ್ಸಿನ ವಾಸನೆಯ ನಡುವೆ ನಾಲ್ಕು ಟೇಬಲ್ಲು, ಟೇಬಲ್ಲಿನ ಮೇಲೆ ಮೋಹನ್‌ಕುಮಾರನ ಅಂಗಡಿಯಲ್ಲೇ ಪ್ರಿಂಟ್ ಆದ ಫ್ಲೆಕ್ಸು, ಒಂದು ಕಡೆ ಹೊಳೆ ಮತ್ತು ಹಸಿರು ಗದ್ದೆ, ತಿರುಗಿಸಿದರೆ ಯಾರದೋ ಹುಟ್ಟುಹಬ್ಬದ ಶುಭಾಶಯ. ಒಬ್ಬೊಬ್ಬ ಸೈನಿಕನಿಗೂ ಒಂದು ಬೆಲೆ, ಎಲ್ಲ ಸೇರಿ ಐನೂರು ಪಾಯಿಂಟ್ ದಾಟಬಾರದು, ಯಾರ್ಯಾರನ್ನು ಕರೆತರುತ್ತೀರಿ ಅನ್ನುವ ಲಿಸ್ಟು ಇವತ್ತು ಹನ್ನೆರಡರೊಳಗೆ ಗ್ರೂಪಿಗೆ ಬೀಳಬೇಕು, ಬಿದ್ದ ಮೇಲೆ ತಿದ್ದುವಂತಿಲ್ಲ, ಟೂರ್ನಮೆಂಟ್ ನಡೆಸುವ ಅನುಶ್ರೀ ಆ ವಿಷಯದಲ್ಲಿ ಯಮನ ತಂಗಿ. ಅವಳ ಲಿಸ್ಟು ಇದ್ದೇ ಇದೆ, ಫೋನಿನಲ್ಲಿ ಕೂತಿದೆ, ಬೆಳಿಗ್ಗೆ ಕಾಫಿ ಕುಡಿಯುವಾಗ ಮೋಹನ್ ಕಳಿಸಿದ್ದು, ನಿಂದೂ ಬರ್ದಿದೀನಿ ಕಣೇ ರಂಜಿ, ಗ್ರೂಪಿಗೆ ಹಾಕ್ಬುಡು ಸಾಕು. ಪ್ರತಿ ಸಲವೂ ಹೀಗೇ, ಹಾಕ್ಬುಡು ಸಾಕು. ಅವನಿಗೆ ಕೆಟ್ಟ ಬುದ್ಧಿ ಇದೆ ಅನ್ನೋಣವೆಂದರೆ ಹಾಗೂ ಇಲ್ಲ, ಊಟಕ್ಕೆ ಬಡಿಸುವಷ್ಟೇ ಪ್ರೀತಿಯಿಂದ ಬರೆಯುತ್ತಾನೆ, ಆನೆ ಒಂದು, ಕುದುರೆ ಇಷ್ಟು, ಈಟಿ ಇಷ್ಟು, ಅವನು ಬರೆದದ್ದನ್ನು ಹಿಡಿದುಕೊಂಡು ಹೋಗಿ ಅವಳು ಅವನ ಕೈಲೇ ಸೋಲುತ್ತಾಳೆ, ಆಮೇಲೆ ಇಬ್ಬರೂ ಕೆಳಗಿಳಿದು ಪಫ್ಸ್ ತಿನ್ನುತ್ತಾರೆ. ಈ ಸಲ ಸೋತರೂ ತನ್ನ ಲಿಸ್ಟಿನಿಂದಲೇ ಸೋಲಬೇಕು, ಅಷ್ಟೇ ಆಸೆ ಅಂದುಕೊಂಡಳು — ಸುಳ್ಳು, ಅಷ್ಟೇ ಅಲ್ಲ, ಗೆಲ್ಲಬೇಕು, ಅವನ ಎದುರಿಗೇ ಗೆಲ್ಲಬೇಕು, ಪಾಪ ಕಣ್ರೀ ಅನ್ನಬೇಕು.

ಆದರೆ ಯಾರನ್ನು ಹಾಕುವುದು, ಯಾರನ್ನು ಬಿಡುವುದು, ಆನೆಯನ್ನು ಬಿಡೋಣವೆಂದರೆ ಎದೆ ಒಪ್ಪುವುದಿಲ್ಲ, ಮದುವೆಯಾದ ಮೊದಲ ವರ್ಷ ಅವನೇ ತಂದುಕೊಟ್ಟದ್ದು, ಎಲ್ಲರ ಹೆಂಡತಿಯರಿಗೆ ಸೀರೆ, ನಿನಗೆ ಆನೆ ಅಂತ, ಅದರ ಕಣ್ಣಿಗೊಂದು ಬಿಳಿ ಚುಕ್ಕೆ ಇಡಲು ಒಂದು ಭಾನುವಾರ ಪೂರ್ತಿ ಉಸಿರು ಬಿಗಿ ಹಿಡಿದಿದ್ದಳು, ಬೆನ್ನಿನ ಮೇಲಿನ ಕೆಂಪು ಹಾಸು ಅವಳದೇ ನೇಲ್ ಪಾಲಿಶ್, ಹಾಲ್‌ಗೆ ಬಂದವರೆಲ್ಲ ಮೊದಲು ಅದನ್ನೇ ಎತ್ತಿ ನೋಡುತ್ತಾರೆ, ಅಕ್ಕಾ ಉಸಿರಾಡ್ತದೆ ಅಂತಾನೆ ಮನು, ಮೊಬೈಲ್ ರಿಪೇರಿಯ ಹುಡುಗ, ಅವನೂ ಆಡುತ್ತಾನೆ. ಆನೆ ನಡೆದದ್ದೇ ದಾರಿ ಕಣೇ, ಇದು ಮೋಹನ್. ದಾರಿಯೇನೋ ಹೌದು, ನಡೆದರೆ ತಾನೇ. ಒಂದು ಆನೆಯ ಬೆಲೆಯಲ್ಲಿ ಹತ್ತು ಕವಣೆಯವರು ಬರುತ್ತಾರೆ, ಸೊಂಟಕ್ಕೊಂದು ತುಂಡು ಬಟ್ಟೆ ಸುತ್ತಿಕೊಂಡು ಬರಿಗಾಲಲ್ಲಿ ಓಡುವವರು, ಯಾರೂ ಲಿಸ್ಟಿಗೆ ಹಾಕುವುದಿಲ್ಲ, ಊದಿದರೆ ಹಾರಿಹೋಗ್ತವೆ ಅವು ಅನ್ನುತ್ತಾರೆ, ಅವಳ ಹತ್ತು ಜನ ಪೆಟ್ಟಿಗೆಯ ಮೂಲೆಯಲ್ಲಿ ಹತ್ತಿ ಹೊದ್ದು ಮಲಗಿ ಎಷ್ಟು ಕಾಲವಾಯಿತೋ. ಈ ಸಲ ಕೊಂದಿದ್ದಕ್ಕೆ ಗೆಲುವಿನ ಪಾಯಿಂಟ್ ಇಲ್ಲ, ಮೂರು ಗುರುತಿನ ಕಲ್ಲು ಇಡ್ತೀನಿ, ಪ್ರತಿ ಸುತ್ತಿನ ಕೊನೇಲಿ ಕಲ್ಲಿನ ಹತ್ರ ಯಾರ ಕಡೆಯವರು ನಿಂತಿರ್ತಾರೋ ಅವರಿಗೆ ಪಾಯಿಂಟ್, ಅಂತ ಅನುಶ್ರೀ ಗ್ರೂಪಿನಲ್ಲಿ ನಿಯಮ ಹಾಕಿದ್ದಳು, ಅದಕ್ಕೆ ಮೋಹನ್, ಎಲ್ಲಾರ್ನೂ ತುಳಿದ್ಬುಟ್ರೆ ನಿಂತ್ಕೊಳಕ್ಕೆ ಯಾರಿರ್ತಾರೆ, ಅಂತ ತನ್ನ ಲಿಸ್ಟಿಗೆ ಎರಡೆರಡು ಆನೆ ಹಾಕಿ ನಿನ್ನೆಯೇ ಗ್ರೂಪಿನಲ್ಲಿ ಮೀಸೆ ತಿರುವಿದ್ದ. ಮಾತು ಸರಿಯಿದೆ, ಎಲ್ಲೋ ಒಂದು ಕಡೆ ಸರಿಯಿಲ್ಲ, ಎಲ್ಲಿ ಅಂತ ಗೊತ್ತಾಗದೆ ಅವಳು ಒಬ್ಬರಿಗೆ ಚಿಲ್ಲರೆ ಎರಡು ಸಲ ಕೊಟ್ಟಳು, ಅಮ್ಮಣ್ಣೀ ಆಗ್ಲೇ ಕೊಟ್ರಲ್ಲಾ, ಅಯ್ಯೋ ಕೊಡಿ ಇಲ್ಲಿ.

ಹೊಳೆನರಸೀಪುರ, ಸ್ಟ್ಯಾಂಡು, ಇಳಿಯೋರು ಇಳೀರಿ, ಮೊದ್ಲು ಇಳಿಯೋರ್ಗೆ ಬಿಡ್ರಪ್ಪ — ಯಾರು ಕೇಳುತ್ತಾರೆ, ಬಸ್ಸು ನಿಲ್ಲುವ ಮೊದಲೇ ಬಾಗಿಲಿಗೆ ಜೋತುಬಿದ್ದರು, ಎಲ್ಲರಿಗಿಂತ ಮುಂದೆ ಒಬ್ಬ ದಾಂಡಿಗ, ಜಿಮ್ಮಿನ ತೋಳು, ಎರಡು ಮೊಣಕೈಯಲ್ಲಿ ಆ ಕಡೆ ಈ ಕಡೆ ತಳ್ಳುತ್ತ ಹತ್ತಿದ, ಬಂದ, ಕಿಟಕಿ ಪಕ್ಕದ ಖಾಲಿ ಸೀಟಿನ ಮುಂದೆ ಬಂದವನು ಹಾಗೇ ನಿಂತ. ಸೀಟಿನ ಮೇಲೆ ಟವೆಲ್ಲು. ಕೆಂಪಂಚಿನ, ತೊಳೆದು ತೊಳೆದು ತೆಳ್ಳಗಾದ ಟವೆಲ್ಲು, ಹೊರಗಿನಿಂದ ಕಿಟಕಿಯಲ್ಲಿ ತೂರಿ ಬಂದು ಬಿದ್ದದ್ದು. ಯಾರ್ದು ಇದು, ನಂದು ಕಣಪ್ಪ, ಸೀಟ್ ಇಡ್ದಿವ್ನಿ, ಅಂತ ಕೆಳಗಿನಿಂದ ಅಜ್ಜಿಯೊಂದರ ದನಿ, ಅಜ್ಜಿ ಇನ್ನೂ ಬಾಗಿಲಿಗೇ ಬಂದಿಲ್ಲ, ಗುಂಪಿನ ಕೊನೆಯಲ್ಲಿ ಚೀಲ ಹುಡುಕುತ್ತಿದೆ, ಏನಜ್ಜೀ ಟವಲ್ಗೂ ಟಿಕೆಟ್ ತಗತೀಯಾ, ತಗತೀನಿ ಕಣ್ಲಾ, ನೀನು ಮುಟ್ಬ್ಯಾಡ. ಮುಟ್ಟಲಿಲ್ಲ. ಅಷ್ಟು ದೊಡ್ಡ ಆಳು, ಎರಡು ಬೆರಳಿನಲ್ಲಿ ಎತ್ತಿ ಎಸೆದಿದ್ದರೆ ಮುಗಿಯುತ್ತಿತ್ತು, ಮುಟ್ಟದೆ ಕಂಬಿ ಹಿಡಿದು ನಿಂತ, ಹಿಂದಿನ ಸೀಟಿಗಾದರೂ ಹೋಗೋಣವೆಂದರೆ ಅಷ್ಟರಲ್ಲಿ ಅವೂ ತುಂಬಿದ್ದವು. ಟವೆಲ್ಲಿಗೆ ತೋಳಿಲ್ಲ, ಬಲವಿಲ್ಲ, ಊದಿದರೆ ಹಾರಿಹೋಗುತ್ತದೆ — ಊದಿದರೆ ಹಾರಿಹೋಗುತ್ತದೆ! ರಂಜಿತಾ ಬಾಯಿಗಿಟ್ಟ ವಿಷಲ್ ಊದಲು ಮರೆತಳು. ಬಲ ಬೇಕಾಗುವುದು ಎಬ್ಬಿಸುವವನಿಗೆ, ಮೊದಲು ಹೋಗಿ ಕೂತವನಿಗಲ್ಲ, ಒಂದೊಂದು ಕಲ್ಲಿಗೂ ಮೂರು ಮೂರು ಕವಣೆಯವರು ಮೊದಲ ಸುತ್ತಿನಲ್ಲೇ ಓಡಿಹೋಗಿ ಟವೆಲ್ ಹಾಕಿದರೆ, ಆ ಎರಡು ಆನೆ ಹೆಜ್ಜೆ ಎಣಿಸುತ್ತ ಬರುವಷ್ಟರಲ್ಲಿ ಆಟ ಅರ್ಧ ಮುಗಿದಿರುತ್ತದೆ, ಬಂದು ಒಂದು ಕಲ್ಲಿನವರನ್ನು ತುಳಿದರೆ ಇನ್ನೆರಡು ಕಲ್ಲು ಅವಳದೇ, ತುಳಿಯಲಿ, ತುಳಿದಿದ್ದಕ್ಕೆ ಪಾಯಿಂಟೇ ಇಲ್ಲವಲ್ಲ!

ಟೀ ಕುಡ್ದು ಬತ್ತೀನಿ ಕಣವ್ವ ಅಂತ ಡ್ರೈವರ್ ಚನ್ನಪ್ಪಣ್ಣ ಇಳಿದರು, ಅವಳು ಖಾಲಿ ಡ್ರೈವರ್ ಸೀಟಿಗೆ ಒರಗಿ ಫೋನ್ ತೆಗೆದಳು, ಮೋಹನ್ ಬರೆದದ್ದನ್ನು ಹಾಗೇ ಇಟ್ಟು ಕೆಳಗೆ ಹೊಸದಾಗಿ ಬರೆದಳು, ಕವಣೆಯವರು ಹತ್ತು, ಈಟಿಯವರು ಎಷ್ಟಿದ್ದಾರೋ ಅಷ್ಟೂ, ಕುದುರೆ ಸ್ವಲ್ಪ ಕಡಿಮೆ, ಆನೆ — ಬೆರಳು ನಿಂತಿತು, ಆ ಬಿಳಿ ಚುಕ್ಕೆಯ ಕಣ್ಣು ಅವಳನ್ನೇ ನೋಡುತ್ತಿತ್ತು, ಬೇಜಾರಾಯಿತು, ಬೇಜಾರ್ ಮಾಡ್ಕೋಬೇಡ ಕಣಪ್ಪ, ಭಾನುವಾರ ಟಿವಿ ಮೇಲೆ ನಿಂತ್ಕೊಂಡು ಮನೆ ಕಾಯಿ, ಆನೆ ಇದ್ದರೂ ಸಾವಿರ ಸತ್ತರೂ ಸಾವಿರ, ಮನೆಯಲ್ಲಿದ್ದರೂ ಸಾವಿರವೇ. ಐನೂರು ಸರಿಯಾಗಿ ಕೂತಿತು. ಹೊಸದನ್ನಷ್ಟೇ ಗ್ರೂಪಿಗೆ ಕಳಿಸಿದಳು. ಕಳಿಸಿದ ಮೇಲೆ ಏನು ಮಾಡಿಬಿಟ್ಟೆ ಅನ್ನಿಸಿತು, ಅಷ್ಟರಲ್ಲಿ ಚನ್ನಪ್ಪಣ್ಣ ಬಂದು, ಓಗನೇನವ್ವ, ರೈಟ್ ಅಣ್ಣ, ರೈಟ್, ಚನ್ನರಾಯಪಟ್ಟಣ, ಚನ್ನರಾಯಪಟ್ಟಣ.

ಜೇಬಿನಲ್ಲಿ ಫೋನು ಗುಂಯ್ ಅಂದಿತು, ಮತ್ತೆ ಗುಂಯ್, ನೋಡುವ ಹಾಗಿಲ್ಲ, ಟಿಕೆಟ್ ಟಿಕೆಟ್, ರಸ್ತೆಯ ಎರಡೂ ಕಡೆ ತೆಂಗು ಹಿಂದಕ್ಕೆ ಓಡುತ್ತಿದೆ, ಗುಂಯ್, ನಗುತ್ತಿದ್ದಾರೆ, ನಗದೆ ಇನ್ನೇನು, ಎಲ್ಲರ ಟಿಕೆಟ್ಟೂ ಮುಗಿದ ಮೇಲೆ ಕಂಬಿಗೆ ಬೆನ್ನು ಕೊಟ್ಟು ನೋಡಿದಳು. ಮನು, ಅಕ್ಕಾ ಆನೆ ಮರ್ತ್ಬುಟ್ರಾ, ಅದರ ಮುಂದೆ ನಗುವ ಮುಖಗಳ ಸಾಲು, ಇನ್ಯಾರೋ, ಕವಣೆ ಹೊಡ್ದು ಮಾವಿನಕಾಯಿ ಬೀಳಿಸ್ತೀರಾ ಮೇಡಂ. ಅದರ ಕೆಳಗೆ ಮೋಹನ್‌ಕುಮಾರ್, ನಗುವಿಲ್ಲ, ಮೀಸೆಯಿಲ್ಲ — ಅನುಶ್ರೀ, ನನ್ ಲಿಸ್ಟ್ ಸ್ವಲ್ಪ ಚೇಂಜ್ ಮಾಡ್ಬೋದಾ? ಅನುಶ್ರೀ — ಹಾಕಿದ ಮೇಲೆ ಮುಗೀತು ಸರ್. ಮೋಹನ್ — ಒಂದು ಆನೆ ಮಾತ್ರ ತೆಗೀತೀನಿ. ಅನುಶ್ರೀ — ಇಲ್ಲ ಸರ್. ರಂಜಿತಾ ಓದಿದಳು, ಇನ್ನೊಮ್ಮೆ ಓದಿದಳು, ಅವನಿಗೆ ಗೊತ್ತಾಗಿದೆ, ಇಷ್ಟು ಜನರಲ್ಲಿ ಅವನೊಬ್ಬನಿಗೆ ಗೊತ್ತಾಗಿದೆ, ಹೆದರಿದ್ದಾನೆ, ಅಯ್ಯೋ ನನ್ನ ರಾಜ, ನನ್ನ ಲಿಸ್ಟಿಗೆ ಹೆದರಿದ್ದಾನೆ! ಖುಷಿ ಹೊಟ್ಟೆಯಿಂದ ಎದ್ದು ವಿಷಲ್ಲಿಗೇ ಬಂದು ಪೀ ಅಂದಿತು, ಚನ್ನಪ್ಪಣ್ಣ ಗಕ್ಕನೆ ಬ್ರೇಕ್ ಹಾಕಿದರು, ಯಾರಿಳಿಯೋರು, ಯಾರೂ ಇಲ್ಲಣ್ಣ, ಹೋಗ್ಲಿ ಹೋಗ್ಲಿ. ಫೋನು ಅಳತೊಡಗಿತು, ಅವನೇ, ಲೇ ರಂಜೀ, ಯಾರೇ ಹೇಳ್ಕೊಟ್ರು ನಿಂಗಿದುನ್ನ, ಅವಳು ದನಿಯನ್ನು ಎಷ್ಟು ಸಾಧ್ಯವೋ ಅಷ್ಟು ಮೆತ್ತಗೆ ಮಾಡಿಕೊಂಡು, ರೀ, ಡ್ಯೂಟೀಲಿದೀನಿ, ಪಾಪ ಕಣ್ರೀ ನೀವು, ಅಂದು ಇಟ್ಟಳು. ಬಸ್ಸು ತೂಗುತ್ತಿತ್ತು, ದಾಂಡಿಗ ಇನ್ನೂ ನಿಂತೇ ಇದ್ದ, ಅಜ್ಜಿ ಕಿಟಕಿಗೆ ತಲೆಯಿಟ್ಟು ನಿದ್ದೆ ಹೋಗಿತ್ತು, ಆದರೆ ಅವಳ ಕಣ್ಣಿಗೆ ಅಜ್ಜಿ ಕಾಣಲಿಲ್ಲ, ಅಜ್ಜಿ ಬರುವ ಮೊದಲಿನ ಸೀಟೇ ಕಾಣುತ್ತಿತ್ತು, ಹಸಿರು ಫ್ಲೆಕ್ಸಿನ ನಡುವೆ, ಗುರುತಿನ ಕಲ್ಲಿನ ಮೇಲೆ, ಎದುರಿಗೆ ಬಂದು ನಿಂತ ಎರಡು ಆನೆ, ಅವು ಕಾಲೆತ್ತಿ, ಇಡಲಾರದೆ — ಟವೆಲ್ಲು, ಕೆಂಪಂಚಿನ ಟವೆಲ್ಲು, ಯಾರೂ ಮುಟ್ಟದ ಟವೆಲ್ಲು.