ಸಿಪ್ಪೆ ಸುಲಿಯದ ಬೇರು

"ಅವನೇ ಮಾಡಿದ್ದು ದೊಡ್ಡಮ್ಮ, ಬೇರೆ ಯಾರೂ ಅಲ್ಲ," ಎಂದು ನನ್ನ ತಂಗಿಯ ಮಗಳು ದನಿ ತಗ್ಗಿಸಿದಳು. ಗಾಜಿನ ಗೋಡೆಯ ಆಚೆ ಅವಳ ಸಹೋದ್ಯೋಗಿ ಬೆನ್ನು ಬಗ್ಗಿಸಿ ಕೂತಿದ್ದ. ಮಾತು ಕಡಿಮೆ, ಎಲ್ಲರೂ ಅವನನ್ನು ಮೌನಿ ಎನ್ನುತ್ತಾರೆ.

ನಾನು ಸಸ್ಯಶಾಸ್ತ್ರ ಪಾಠ ಹೇಳಿ ನಿವೃತ್ತಳಾದವಳು. ವಾರಕ್ಕೆರಡು ದಿನ ಈ ಪ್ರಯೋಗಾಲಯದ ಹಿತ್ತಲಿನ ಗಾಜಿನ ಮನೆಯಲ್ಲಿ ಗಿಡಗಳನ್ನು ನೋಡಿಕೊಳ್ಳುತ್ತೇನೆ. ಬೇರು ಕಿತ್ತು, ಸಿಪ್ಪೆ ಸುಲಿದು, ಒಣಗಿಸಿ, ಸಾರ ಇಳಿಸಿ ಇವಳಿಗೆ ಕೊಡುತ್ತೇನೆ. ಇವಳ ಕೆಲಸ ಹೀಗೆ: ರೋಗ ತರುವ ಶಕ್ತಿಯನ್ನು ಕಳೆದ ಒಂದು ವೈರಸ್ಸಿಗೆ ಒಳ್ಳೆಯ ಜೀನ್ ಹೊರಿಸಿ, ಕೆಟ್ಟ ಜೀನ್ ಇರುವ ಜೀವಕೋಶದೊಳಕ್ಕೆ ಕಳಿಸುವುದು. ಹೆಚ್ಚಿನ ವೈರಸ್ಸುಗಳು ಬಾಗಿಲಲ್ಲೇ ನಿಂತುಬಿಡುತ್ತವೆ. ನಮ್ಮ ಬೇರಿನ ಸಾರ ಬೆರೆಸಿದರೆ ಹೆಚ್ಚು ಒಳಹೋಗುತ್ತವೆ ಎಂಬುದು ಅವಳು ಕಂಡುಕೊಂಡದ್ದು. ಜೀನ್ ಒಳಗೆ ಸೇರಿದ ಕೋಶ ನೀಲಿ ಬೆಳಕಿನಲ್ಲಿ ಹಸಿರಾಗಿ ಹೊಳೆಯುತ್ತದೆ, ಅದೇ ಗುರುತು. ಕೋಶಗಳನ್ನು ಪುಟ್ಟ ತಟ್ಟೆಗಳಲ್ಲಿ ಹಾಕಿ, ಇನ್‌ಕ್ಯುಬೇಟರ್ ಎಂಬ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟು ಬೆಳೆಸುತ್ತಾಳೆ.

"ಈ ಸಲ ವೈರಸ್ಸೇ ಹಾಕದ ತಟ್ಟೇನೂ ಹೊಳೀತಿದೆ. ಬರೀ ಬೇರಿನ ಸಾರ ಇದ್ದ ತಟ್ಟೆ," ಎಂದಳು. "ಸಾರ ಹೊಳೆಯಲ್ಲ ಅಂತ ಮೊದಲೇ ಪರೀಕ್ಷೆ ಮಾಡಿದೀನಿ. ಅಂದ್ರೆ ಯಾರೋ ಕೈಯಾಡಿಸಿದಾರೆ. ಭಾನುವಾರ ಅವನು ನನ್ನ ಇನ್‌ಕ್ಯುಬೇಟರ್ ಬಾಗಿಲು ತೆಗೆದಿದ್ದನ್ನ ಕಾವಲಿನವರು ನೋಡಿದಾರೆ."

"ಅವನಿಗೇನು ಲಾಭ?"

"ಹೊಟ್ಟೆಕಿಚ್ಚು. ನಿಮಗೆ ಎಲ್ಲರೂ ಒಳ್ಳೆಯವರೇ ಬಿಡಿ. ನಿಮ್ಮ ಜೇಬಿಗೆ ಕೈ ಹಾಕಿದ ಕಳ್ಳನನ್ನೂ, ಚಳಿಯಾಗ್ತಿತ್ತೇನಪ್ಪ ಅಂತ ಕೇಳೋರು ನೀವು."

ದೂರಿನ ಪತ್ರ ಬರೆದಾಗಿತ್ತು. ನಾಲ್ಕು ಗಂಟೆಗೆ ನಿರ್ದೇಶಕಿಯ ಕೈಗೆ ಕೊಡುವವಳಿದ್ದಳು. ಮೌನಿಯ ಕೆಲಸದ ಒಪ್ಪಂದ ಈ ತಿಂಗಳಿಗೆ ಮುಗಿಯುತ್ತಿತ್ತು. ದೂರು ಹೋದರೆ ಅದನ್ನು ಯಾರೂ ಮುಂದುವರಿಸುವುದಿಲ್ಲ.

ಅವಳ ಮಾತು ನನ್ನೊಳಗೂ ಹುಳ ಬಿಟ್ಟಿತು. ಊಟವಾದ ಮೇಲೆ ಅವನ ಮೇಲೆ ಕಣ್ಣಿಟ್ಟೆ. ಅವನು ಆಚೀಚೆ ನೋಡಿ, ಒಂದು ಬಾಟಲಿಯನ್ನು ಬೆನ್ನ ಹಿಂದೆ ಮರೆಮಾಡಿಕೊಂಡು ಇವಳ ಇನ್‌ಕ್ಯುಬೇಟರಿನ ಕಡೆ ನಡೆದ. ಹಿಂದೆಯೇ ಹೋಗಿ ನಿಂತೆ.

"ಏನಪ್ಪ ಅದು?"

ಅವನ ಕಿವಿ ಕೆಂಪಾಯಿತು. "ನೀರು, ಮೇಡಂ."

ಬಾಟಲಿ ಇಸಿದುಕೊಂಡು ನೋಡಿದೆ. ಬಟ್ಟಿ ಇಳಿಸಿದ ನೀರೇ. ಕೋಶಗಳು ಒಣಗದ ಹಾಗೆ ಪೆಟ್ಟಿಗೆಯ ತಳದಲ್ಲಿ ಒಂದು ತಟ್ಟೆ ನೀರಿಡುತ್ತಾರೆ. ಅದು ಬತ್ತುತ್ತಾ ಬಂದಿತ್ತು.

"ಭಾನುವಾರಾನೂ ನೀರು ಹಾಕೋಕೇ ಬಂದಿದ್ದಾ?"

"ಹೌದು. ಅವರು ಆಗಾಗ ಮರೀತಾರೆ."

"ಅವಳಿಗೆ ಹೇಳಬಾರದಿತ್ತಾ?"

"ಹೇಳಿದ್ರೆ ತಪ್ಪು ಎತ್ತಿ ತೋರಿಸಿದ ಹಾಗಾಗತ್ತಲ್ಲ, ಮೇಡಂ."

ನಂಬಬೇಕೆನ್ನಿಸಿತು. ಆದರೆ ಕೈಯಾಡಿಸಿದವನೂ ಇದನ್ನೇ ಹೇಳಬಹುದಲ್ಲ. ಇವನಲ್ಲದಿದ್ದರೆ ಆ ತಟ್ಟೆ ಹೊಳೆದದ್ದು ಹೇಗೆ?

ಬಾಟಲಿ ಹಿಂದಕ್ಕೆ ಕೊಡುವಾಗ ನನ್ನ ಉಗುರುಗಳು ಕಣ್ಣಿಗೆ ಬಿದ್ದವು. ಸಂದಿನಲ್ಲೆಲ್ಲ ಅರಿಶಿನದಂಥ ಹಳದಿ, ವಾರವಾದರೂ ಹೋಗಿರಲಿಲ್ಲ. ಕಳೆದ ವಾರ ಮಣಿಕಟ್ಟು ನೋಯುತ್ತಿತ್ತು. ಕೊನೆಯ ಕಂತಿನ ಬೇರುಗಳ ಸಿಪ್ಪೆ ಸುಲಿದಿರಲಿಲ್ಲ. ತೊಳೆದು, ಹಾಗೆಯೇ ಕತ್ತರಿಸಿ ಹಾಕಿದ್ದೆ. ಇಷ್ಟಕ್ಕೆ ಏನಾಗುತ್ತದೆ ಎಂದುಕೊಂಡು ಯಾರಿಗೂ ಹೇಳಿರಲಿಲ್ಲ. ನಲವತ್ತು ವರ್ಷ ಮಕ್ಕಳಿಗೆ ಬೇರಿನ ಸಿಪ್ಪೆಯಲ್ಲಿ ಏನೇನಿರುತ್ತದೆ ಎಂದು ಪಾಠ ಹೇಳಿದವಳು ನಾನು.

ಗಾಜಿನ ಮನೆಗೆ ಹೋಗಿ ಒಂದು ಬೇರು ತಂದೆ. ಅರ್ಧ ಸುಲಿದು, ಅರ್ಧ ಹಾಗೇ ಬಿಟ್ಟು, ಕತ್ತಲೆ ಕೋಣೆಯ ನೀಲಿ ದೀಪದ ಕೆಳಗಿಟ್ಟು, ನೀಲಿ ಬೆಳಕನ್ನು ತಡೆದು ಹೊಳಪನ್ನಷ್ಟೇ ತೋರಿಸುವ ಹಳದಿ ಕನ್ನಡಕ ಹಾಕಿಕೊಂಡೆ. ಸುಲಿದ ಭಾಗ ಕಪ್ಪಗೆ ಬಿದ್ದಿತ್ತು. ಸಿಪ್ಪೆಯಿದ್ದ ಭಾಗ ಹಸಿರಾಗಿ ಉರಿಯಿತು. ನನ್ನ ಹತ್ತು ಉಗುರುಗಳೂ ಉರಿದವು.

ಗಡಿಯಾರದಲ್ಲಿ ನಾಲ್ಕಕ್ಕೆ ಹತ್ತು ನಿಮಿಷ. ಬಾಯಿ ಮುಚ್ಚಿಕೊಂಡಿದ್ದರೆ ನನ್ನನ್ನು ಯಾರೂ ಕೇಳುತ್ತಿರಲಿಲ್ಲ. ಮುದುಕಿಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಅವಳು ಆಗಲೇ ಪತ್ರ ಹಿಡಿದು ಕಾರಿಡಾರಿನ ತುದಿ ತಲುಪಿದ್ದಳು. ಕೂಗಿದೆ. ಕೈಹಿಡಿದು ಕತ್ತಲೆ ಕೋಣೆಗೆ ಎಳೆದುಕೊಂಡು ಬಂದು, ನನ್ನ ಬೆರಳುಗಳನ್ನು ದೀಪದ ಕೆಳಗೆ ಚಾಚಿದೆ.

"ಕೈಯಾಡಿಸಿದ್ದು ನಾನು. ಸಿಪ್ಪೆ ಸುಲಿಯಲಿಲ್ಲ."

ಅವಳು ಹಳದಿ ಕನ್ನಡಕ ಹಾಕಿಕೊಂಡು ನನ್ನ ಉಗುರುಗಳನ್ನು ಒಂದೊಂದಾಗಿ ನೋಡಿದಳು. ಆಮೇಲೆ ಅಂದಳು: "ಕೈನೋವು ಅಂತ ಒಂದು ಮಾತು ಹೇಳಬಾರದಿತ್ತಾ ದೊಡ್ಡಮ್ಮ?"

"ನಾಚಿಕೆಯಾಯಿತು."

"ಮತ್ತೆ ಆ ಬಾಗಿಲು? ಭಾನುವಾರ?"

"ನೀರು ಹಾಕ್ತಿದ್ದನಂತೆ. ನೀನು ಮರೀತೀಯಂತೆ."

ಅವಳು ಪತ್ರವನ್ನು ನಾಲ್ಕಾಗಿ ಮಡಚಿ ಕೋಟಿನ ಜೇಬಿಗೆ ತುರುಕಿದಳು. ಸಿಪ್ಪೆ ಸುಲಿದು ತೆಗೆದ ಹಿಂದಿನ ಕಂತಿನ ಸಾರದ ಶೀಶೆ ತಂದು ನೀಲಿ ದೀಪದ ಕೆಳಗಿಟ್ಟಳು. ಹೊಳೆಯಲಿಲ್ಲ. ಅವಳ ಭುಜ ಸ್ವಲ್ಪ ಇಳಿಯಿತು. "ಹಳೇ ಫಲಿತಾಂಶ ಉಳೀಬಹುದು. ಆದ್ರೂ ಎಲ್ಲಾ ಇನ್ನೊಂದ್ಸಲ ಮಾಡಬೇಕು."

ಸಂಜೆ ಗಾಜಿನ ಮನೆಯಲ್ಲಿ ನಾನು ಬೇರಿನ ಬುಟ್ಟಿ ಮುಂದಿಟ್ಟುಕೊಂಡು ಕೂತಾಗ ಮೌನಿ ಬಂದ. ಇನ್ನೊಂದು ಚಾಕು ಹುಡುಕಿ ತೆಗೆದುಕೊಂಡು, ಏನೂ ಕೇಳದೆ ಎದುರಿಗೆ ಕೂತು ಸುಲಿಯತೊಡಗಿದ. ಹಿಂದೆಯೇ ಅವಳೂ ಬಂದಳು, ಕೈಯಲ್ಲಿ ಪುಟ್ಟ ನೀಲಿ ದೀಪ, ಮೂಗಿನ ಮೇಲೆ ಹಳದಿ ಕನ್ನಡಕ.

"ನೀರು ನಾನೇ ತುಂಬಿಸಿ ಬಂದೆ," ಎಂದಳು, ಅವನ ಮುಖ ನೋಡದೆ. "ಭಾನುವಾರದ್ದಕ್ಕೆ ಥ್ಯಾಂಕ್ಸ್."

ಅವನು ತಲೆಯಾಡಿಸಿದ.

ನಾವು ಸುಲಿದು ಹಾಕಿದ ಒಂದೊಂದು ಬೇರನ್ನೂ ಅವಳು ಮೇಜಿನ ಕೆಳಗಿನ ಕತ್ತಲಿಗೆ ಒಯ್ದು ದೀಪ ಹಿಡಿದು ತಿರುಗಿಸಿ ನೋಡುತ್ತಿದ್ದಳು. ಅವನು ಸುಲಿದದ್ದನ್ನು ಒಂದು ಸಲ ನೋಡಿ ಬುಟ್ಟಿಗೆ ಹಾಕಿದಳು. ನಾನು ಸುಲಿದದ್ದನ್ನು ಎರಡೆರಡು ಸಲ ನೋಡಿದಳು.