ಬಾಗಿಲಲ್ಲಿ ಬಿಟ್ಟ ಚಪ್ಪಲಿ

ಆ ಕ್ಲಬ್ಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವಳು ಹೊನ್ನತ್ತೆ ಒಬ್ಬಳೇ. ಅವಳು ಅದುವರೆಗೆ ಹಾಡು ಕೇಳಿದ್ದೆಲ್ಲ ಭಜನೆಮನೆಯಲ್ಲಿ. ಹಿಮ್ಮಡಿ ಸವೆದ ಆ ಜೋಡಿ ಗೋಡೆಗೆ ಒತ್ತಿಕೊಂಡು ಕೂತಿತ್ತು. ಬೂಟುಗಾಲಿನವರು ಅದನ್ನು ದಾಟಿಕೊಂಡು ಹೋಗುತ್ತಿದ್ದರು.

"ಒಳಗೆ ಎಲ್ಲರೂ ಹಾಕ್ಕೊಂಡೇ ಇದಾರೆ ಅತ್ತೆ" ಎಂದೆ.

"ಅವರ ಪಾಡು ಅವರಿಗೆ" ಎಂದಳು.

ಹೊನ್ನತ್ತೆ ನನ್ನ ಅಪ್ಪನ ತಂಗಿ. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಗಂಡನಿಗೆ, ಅಂದರೆ ನನ್ನ ಮಾವನಿಗೆ, ಸುಳ್ಳು ಹೇಳಿ ಪಟ್ಟಣಕ್ಕೆ ನನ್ನ ಬಳಿ ಹೊರಟುಬಂದಿದ್ದಳು. ಅಂದು ಸಂಜೆ ಹಾಡುವವನು ನಚಿಕೇತ. ಹಳ್ಳಿಯ ಹಾಡುಗಳಿಗೆ ಗಿಟಾರು, ಡ್ರಮ್ಮು ಕೂಡಿಸಿ, ತನ್ನ ಸಾಲುಗಳನ್ನೂ ಸೇರಿಸಿ ಹಾಡಿ ಹೆಸರು ಮಾಡಿದ್ದ. ಹಿಂದಿನ ಸುಗ್ಗಿಯಲ್ಲಿ ಹಾಡು ಹುಡುಕಿಕೊಂಡು ಅತ್ತೆಯ ಊರಿಗೆ ಹೋಗಿದ್ದ. ಮಗಳು ತೀರಿಕೊಂಡಾಗ ಅತ್ತೆ ಹೆಣದ ಮುಂದೆ ಕೂತು, ತಾನೇ ಹಾಡು ಕಟ್ಟಿ ಹಾಡಿ ಅತ್ತದ್ದನ್ನು ಯಾರೋ ಅವನಿಗೆ ಹೇಳಿದ್ದರು. ಬದುಕಿರುವವರ ಮನೆಯೊಳಗೆ ಆ ಹಾಡು ಎತ್ತಬಾರದೆಂದು ಅತ್ತೆ ಅವನನ್ನು ಹೊಲದ ಬದುವಿಗೆ ಕರೆದೊಯ್ದು ಹಾಡಿ ತೋರಿಸಿದಳು. ಬದಲಿಗೆ ಕೇಳಿದ್ದು ಒಂದೇ.

"ಏನಾರ ಮಾಡ್ಕೊ ಮಗ, ಅವಳ ಹೆಸರು ಮಾತ್ರ ಬುಡಬ್ಯಾಡ."

ಅವನು ಆಗಲಿ ಎಂದು ತಲೆಯಾಡಿಸಿದ್ದ.

ನಚಿಕೇತ ಆ ಹಾಡನ್ನು ಚೆನ್ನಾಗಿಯೇ ಹಾಡಿದ, ಸುಳ್ಳು ಹೇಳಲಾರೆ. ಆದರೆ ಹೆಸರು ಬರಬೇಕಾದ ಕಡೆ 'ಗೆಳತಿ' ಎಂದ. ಅತ್ತೆ ನನ್ನ ಮೊಣಕೈ ಹಿಡಿದು, "ಮುಂದಲ ಸಾಲ್ನಲ್ಲಿ ಬತ್ತದೆ, ಇರು" ಎಂದಳು. ಬರಲಿಲ್ಲ. ಅದರ ಮುಂದಿನ ಸಾಲಿನಲ್ಲೂ ಗೆಳತಿಯೇ. ಜನ ಲೋಟ ಕೆಳಗಿಟ್ಟು ಚಪ್ಪಾಳೆಯ ತಾಳ ಹಾಕತೊಡಗಿದರು.

ಆ ಹೆಸರು ಅತ್ತೆಯ ಮನೆಯಲ್ಲಿ ನಿಂತುಹೋಗಿತ್ತು. ಏಟು ತಾಳಲಾರದೆ ಗಂಡನ ಮನೆಯಿಂದ ಓಡಿ ಬಂದ ಮಗಳನ್ನು, ಹೆತ್ತ ಅಪ್ಪನಾದ ನನ್ನ ಮಾವನೇ ಮತ್ತೆ ಅಲ್ಲಿಗೆ ಬಿಟ್ಟುಬಂದಿದ್ದ. ವಾರ ತುಂಬುವ ಮೊದಲೇ ಅವಳನ್ನು ಅಲ್ಲಿನ ಬಾವಿಯಿಂದ ಎತ್ತಿದರು. ಆಮೇಲೆ ಯಾರಾದರೂ ಹೆಸರೆತ್ತಿದರೆ ಮಾವ ಉಣ್ಣುವ ತಟ್ಟೆ ಬಿಟ್ಟು ಎದ್ದುಹೋಗುತ್ತಿದ್ದ. ಹೆತ್ತವಳು ಅದನ್ನು ಇನ್ನೊಬ್ಬರ ಬಾಯಲ್ಲಿ ಕೇಳಬೇಕೆಂದರೆ ಇಷ್ಟು ದೂರ ಬರಬೇಕಾಗಿತ್ತು.

ವಾದ್ಯಗಳು ಒಂದು ಗಳಿಗೆ ತಡೆದವು. ಅತ್ತೆ ಎದ್ದು ನಿಂತಳು.

"ಚೆನ್ನಾಜೀ..."

ಆಡಲು ಹೋದ ಮಗುವನ್ನು ಊಟಕ್ಕೆ ಕರೆಯುವ ದನಿ ಅದು. ನಚಿಕೇತ ಕಣ್ಣು ಕಿರಿದು ಮಾಡಿ ನೋಡಿದ. ಗುರುತು ಹತ್ತಿರಬೇಕು, ಮುಖ ಬಿಳಿಚಿತು. ಡ್ರಮ್ಮಿನವನಿಗೆ ಇದೆಲ್ಲ ಏನು ಗೊತ್ತು? ಹಾಡಿನದೇ ಭಾಗವೆಂದುಕೊಂಡು ಬಡಿದ. ಜನಕ್ಕೆ ಅಷ್ಟೇ ಸಾಕಾಯಿತು. "ಚೆನ್ನಾಜಿ, ಚೆನ್ನಾಜಿ" ಎಂದು ಇಡೀ ಕೋಣೆ ಕುಣಿಯುತ್ತ ಕೂಗಿತು. ಯಾರೋ ಸಿಳ್ಳೆ ಹೊಡೆದರು. ಅತ್ತೆಯ ಕೈ ಹಿಡಿದು ಹೊರಗೆ ಕರೆತಂದೆ.

"ಮನುಷ್ಯರಾ ಅತ್ತೆ ಇವರು?"

"ಅವ್ರಿಗೇನು ಗೊತ್ತವ್ವ. ಬಯ್ಯಬ್ಯಾಡ" ಎಂದಳು. ಸೆರಗು ಹೊದ್ದುಕೊಳ್ಳುತ್ತ, "ಅಷ್ಟು ಜನ ಕರದ್ರಲ್ಲ, ಓಗೊಡ್ನಿಲ್ಲ ನೋಡು ಅವಳು" ಎಂದಳು.

ಯಾರದೋ ಕಾಲು ತಾಗಿ ಅವಳ ಚಪ್ಪಲಿಗಳು ಒಂದೊಂದು ಕಡೆ ಬಿದ್ದಿದ್ದವು. ನಾನು ಹುಡುಕಿ ತಂದು ಮುಂದಿಟ್ಟೆ. ಒಂದನ್ನು ಮೆಟ್ಟಿದಳು. ಒಳಗೆ ಇನ್ನೂ ಆ ಹೆಸರು ಕೂಗುತ್ತಲೇ ಇದ್ದರು. ಇನ್ನೊಂದು ಕಾಲನ್ನು ಬರಿನೆಲದ ಮೇಲೇ ಇಟ್ಟುಕೊಂಡು, ಅತ್ತೆ ಬಾಗಿಲ ಕಡೆ ಕಿವಿಗೊಟ್ಟು ನಿಂತಳು.